ನೆಗಡಿ ಕಷಾಯ: ಯಾವ ಸೊಪ್ಪಿಗೆ ಯಾವ ಕೆಲಸ

ಡಿಸೆಂಬರ್ ಕಳೆದ ಮೇಲೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಓಡಾಡಿದವರಿಗೆ ಶುಂಠಿ ತೊಳೆಯುವ ಕಣಗಳು ಗೊತ್ತು. ರಸ್ತೆ ಪಕ್ಕದಲ್ಲಿ ಮಣ್ಣು ಮೆತ್ತಿದ ಶುಂಠಿಯ ಗುಡ್ಡೆ, ಪೈಪು ಹಿಡಿದು ರಭಸದಿಂದ ನೀರು ಹಾಯಿಸುವ ಆಳುಗಳು, ಕೆಂಪು ನೀರು ಹಳ್ಳದ ಕಡೆಗೆ, ತೊಳೆದ ಶುಂಠಿ ಅರವತ್ತು ಕಿಲೋ ಮೂಟೆಗೆ, ಮೂಟೆ ಲಾರಿಗೆ. ಕೇರಳದಿಂದ ಬಂದ ಬೆಳೆಗಾರರು ಇಲ್ಲಿ ಜಮೀನು ಗುತ್ತಿಗೆ ಹಿಡಿದು ಶುರು ಮಾಡಿದ ಬೆಳೆ ಈಗ ಊರವರದ್ದೇ ಆಗಿದೆ. 2023ರಲ್ಲಿ ಬೆಲೆ ಏರಿ ನಿಂತಾಗ ಹೊಲದಲ್ಲಿದ್ದ ಶುಂಠಿಯನ್ನೇ ಕಳ್ಳರು ಕಿತ್ತುಕೊಂಡು ಹೋಗಲು ಶುರುಮಾಡಿದರು. ರೈತರು ರಾತ್ರಿ ಹೊಲದಲ್ಲೇ ಕಾವಲು ಕೂರಬೇಕಾಯಿತು.

ಶುಂಠಿ ಇಲ್ಲದ ಕಷಾಯ ಇಲ್ಲ ಅನ್ನುವ ಗಾದೆ ಈ ಬೆಳೆಗೆ ಇಷ್ಟು ದುಡ್ಡು ಬರುವುದಕ್ಕೆ ಎಷ್ಟೋ ಮೊದಲಿನದು. ಆ ಕಣಗಳಿಂದ ಕೆ.ಆರ್. ನಗರದ ಕಡೆ ತಿರುಗಿ ಮಿರ್ಲೆಗೆ ಬಂದರೆ ಶುಂಠಿಗಿಂತ ಭತ್ತದ್ದೇ ಆಳ್ವಿಕೆ. ಕಾವೇರಿ ನೀರು, ಗದ್ದೆ ಬದು, ತೆಂಗಿನ ಸಾಲು. ಕಷಾಯದ ಸಾಮಾನು ಇಲ್ಲಿ ಹಿತ್ತಲಿನಲ್ಲೇ ಇರುತ್ತದೆ. ಬಚ್ಚಲ ನೀರು ಹರಿಯುವ ಕಡೆ ದೊಡ್ಡಪತ್ರೆ, ಅಂಗಳದ ಕಟ್ಟೆಯಲ್ಲಿ ತುಳಸಿ, ಬೇಲಿ ಸಾಲಿನಲ್ಲಿ ಆಡುಸೋಗೆ, ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ. ಉಳಿದದ್ದು ಒಗ್ಗರಣೆ ಡಬ್ಬಿಯಲ್ಲಿ: ಮೆಣಸು, ಜೀರಿಗೆ, ಧನಿಯ, ಓಮ, ಲವಂಗ, ಅರಿಸಿನ. ಅದೂ ಸಾಲದಿದ್ದರೆ ಜ್ಯೇಷ್ಠಮಧು, ಹಿಪ್ಪಲಿಗೆ ಪೇಟೆಯ ಗ್ರಂಥಿಗೆ ಅಂಗಡಿ. ಈಗೀಗ ದಿನಸಿ ಅಂಗಡಿಗಳಲ್ಲೂ ಪ್ಯಾರಸಿಟಮಾಲ್ ಹಾಳೆಯ ಪಕ್ಕದಲ್ಲಿ ದಾರ ಕಟ್ಟಿದ ಪುಟ್ಟ ಚೀಲಗಳ ಹರ್ಬಲ್ ಟೀ ಪೆಟ್ಟಿಗೆ ಕಾಣಿಸಿಕೊಳ್ಳುತ್ತಿದೆ. ಪೆಟ್ಟಿಗೆ ಮೇಲೆ ಅದೇ ತುಳಸಿ, ಅದೇ ಶುಂಠಿಯ ಚಿತ್ರ.

ಈ ಗಿಡಗಳು ಲೋಟದೊಳಗೆ ಇಳಿದ ಮೇಲೆ ನಿಜವಾಗಿ ಏನು ಮಾಡುತ್ತವೆ? ನಾನು ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನೆಗಡಿಯನ್ನು ಓಡಿಸುತ್ತದೆ ಎಂದು ಸಾಬೀತಾದ ಗಿಡ ಇವುಗಳಲ್ಲಿ ಒಂದೂ ಇಲ್ಲ. ನೆಗಡಿ ಹಿಡಿದವರಿಗೆ ಹಾಯೆನಿಸುವ ಗಿಡಗಳು ನಾಲ್ಕಾರು ಇವೆ. ಅಷ್ಟು ಮಾಡಿದರೂ ದೊಡ್ಡ ಉಪಕಾರವೇ. ಅದು ಸಾಲದೆಂದು ಕಷಾಯಕ್ಕೆ ‘ಇಮ್ಯುನಿಟಿ’ ಎಂಬ ಭಾರ ಹೊರಿಸಿದ ಮೇಲೆ ತೊಂದರೆ ಶುರುವಾಯಿತು.

ನೆಗಡಿ ಎನ್ನುವುದು ಒಂದು ಕಾಯಿಲೆಯ ಹೆಸರಲ್ಲ. ಇನ್ನೂರಕ್ಕೂ ಹೆಚ್ಚು ವೈರಸ್‌ಗಳು ಮೂಗು ಗಂಟಲಿಗೆ ಹೊಕ್ಕು ಹೆಚ್ಚುಕಡಿಮೆ ಒಂದೇ ಥರದ ಕಾಟ ಕೊಡುತ್ತವೆ. ರೈನೋವೈರಸ್ ಎಂಬ ಒಂದರಲ್ಲೇ 160ಕ್ಕೂ ಮಿಕ್ಕಿ ಬಗೆಗಳಿವೆ. ಫ್ಲೂ ತರುವ ಇನ್‌ಫ್ಲುಯೆಂಜಾ ಬೇರೆಯೇ ಕುಲದ್ದು. ಅದು ಮೂಗಿನಲ್ಲಿ ಮೆಲ್ಲಗೆ ಶುರುವಾಗುವುದಿಲ್ಲ. ಮಧ್ಯಾಹ್ನ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರನ್ನು ಸಂಜೆಗೆ ಚಾಪೆ ಹಿಡಿಸುತ್ತದೆ. ನಮ್ಮಲ್ಲಿ ಅದರ ಕಾಲ ವರ್ಷಕ್ಕೆರಡು: ಜನವರಿಯಿಂದ ಮಾರ್ಚ್‌ವರೆಗೆ ಒಂದು, ಮಳೆಗಾಲದ ಬೆನ್ನಿಗೆ ಇನ್ನೊಂದು. ಮಿರ್ಲೆಯಂಥ ಭತ್ತದ ಊರಿನಲ್ಲಿ ಮೂರನೆಯ ಬಗೆಯೂ ಉಂಟು. ಸುಗ್ಗಿಯಲ್ಲಿ ಒಕ್ಕಣೆ ದೂಳು ಮೂಗಿಗೆ ಹೊಕ್ಕು ಬರುವ ಸೀನು. ಅದು ಅಲರ್ಜಿ, ವೈರಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಮಾತ್ರ ಮೂರಕ್ಕೂ ಒಂದೇ ಪಾತ್ರೆಯ ಕಷಾಯ.

ಮಾಮೂಲಿ ನೆಗಡಿ ವಾರ ಹತ್ತು ದಿನಕ್ಕೆ ತಾನೇ ಬಿಡುತ್ತದೆ. ಔಷಧಿ ತಗೊಂಡ್ರೆ ಒಂದು ವಾರ, ಸುಮ್ಮನಿದ್ರೆ ಏಳು ದಿನ ಅನ್ನುವ ನಗೆಮಾತು ಎಲ್ಲರ ಬಾಯಲ್ಲೂ ಇದೆ, ಅದರಲ್ಲಿರುವ ಲೆಕ್ಕಾಚಾರವನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ನೆಗಡಿ ಜೋರಾಗುವುದು ಎರಡು ಮೂರನೇ ದಿನ. ಕಷಾಯ ಇಡುವುದೂ ಆಗಲೇ. ಐದನೇ ದಿನಕ್ಕೆ ಇಳಿಮುಖ. ಕಷಾಯಕ್ಕೆ ಸಂದ ಕೀರ್ತಿಯಲ್ಲಿ ಅರ್ಧಪಾಲು ಕ್ಯಾಲೆಂಡರಿನದು.

ಉಳಿದ ಅರ್ಧದಲ್ಲಿ ಮೊದಲ ಪಾಲು ಬಿಸಿಗೆ ಸೇರಬೇಕು. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ನೆಗಡಿಯನ್ನೇ ಅಭ್ಯಾಸ ಮಾಡುವ ಕೇಂದ್ರವೊಂದಿತ್ತು. ಅಲ್ಲಿ ರೊನಾಲ್ಡ್ ಎಕ್ಲ್ಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಸರಳ. ನೆಗಡಿ ಹಿಡಿದ 30 ಜನರಿಗೆ ಒಂದೇ ಹಣ್ಣಿನ ಪಾನಕ, ಕೆಲವರಿಗೆ ಬಿಸಿಯಾಗಿ, ಕೆಲವರಿಗೆ ಕೋಣೆಯ ಉಷ್ಣದಲ್ಲಿ. ಆರಿದ್ದನ್ನು ಕುಡಿದವರಿಗೆ ಸೋರುವ ಮೂಗು, ಕೆಮ್ಮು, ಸೀನು ಅಷ್ಟಿಷ್ಟು ತಗ್ಗಿತು. ಬಿಸಿ ಕುಡಿದವರಿಗೆ ಅವುಗಳ ಜೊತೆಗೆ ಗಂಟಲುನೋವು, ಚಳಿ, ಸುಸ್ತು ಕೂಡ ಇಳಿದವು. ಉಪಕರಣ ಇಟ್ಟು ಅಳೆದಾಗ ಮೂಗಿನೊಳಗೆ ಹರಿಯುವ ಗಾಳಿಯ ಪ್ರಮಾಣ ಮಾತ್ರ ಬದಲಾಗಿರಲಿಲ್ಲ. ಮೂಗು ಕಟ್ಟಿದ್ದು ಕಟ್ಟಿದಂತೆಯೇ ಇತ್ತು, ಕಟ್ಟಿದವರಿಗೆ ಹಗುರ ಅನ್ನಿಸಿತ್ತು. ಆ ಪಾನಕದಲ್ಲಿ ತುಳಸಿಯೂ ಇರಲಿಲ್ಲ, ಶುಂಠಿಯೂ ಇರಲಿಲ್ಲ.

ಇನ್ನೂ ಹಿಂದೆ, 1978ರಲ್ಲಿ, ಅಮೆರಿಕದ ಮಯಾಮಿಯ ವೈದ್ಯರು ಬಿಸಿನೀರು, ತಣ್ಣೀರು ಮತ್ತು ಕೋಳಿ ಸೂಪನ್ನು ಎದುರುಬದುರು ಇಟ್ಟು ಮೂಗಿನ ಸಿಂಬಳ ಸಾಗುವ ವೇಗ ಅಳೆದರು. ಬಿಸಿಯದರಲ್ಲಿ ವೇಗ ಹೆಚ್ಚಿತು, ಕೋಳಿ ಸೂಪು ಒಂದು ಕೈ ಮೇಲಾಯಿತು, ತಣ್ಣೀರಿಗೆ ಇಳಿಯಿತು. ನೆಗಡಿಗೆ ಮೆಣಸು ಮುಂದಿಟ್ಟು ನಾಟಿ ಕೋಳಿ ಸಾರು ಮಾಡುವ, ಗದ್ದೆ ಏಡಿ ಹಿಡಿದು ಕುಟ್ಟಿ ರಸ ಕಾಯಿಸುವ, ಹುರುಳಿ ಕಟ್ಟಿನ ಸಾರನ್ನು ಲೋಟದಲ್ಲಿ ಕುಡಿಯುವ ಸೀಮೆಗೆ ಈ ಸಂಗತಿ ಹೊಸದೇನಲ್ಲ. ನನ್ನನ್ನು ಕೇಳಿದರೆ, ಜ್ವರ ಬಿಟ್ಟ ದಿನ ಎಂಥ ದುಬಾರಿ ಹರ್ಬಲ್ ಟೀಗಿಂತಲೂ ಹುರುಳಿ ಸಾರಿಗೇ ಓಟು. ಬಿಸಿಯೂ ಉಪ್ಪೂ ಖಾರವೂ ಒಂದಿಷ್ಟು ಅನ್ನವೂ ಒಟ್ಟಿಗೆ ಹೊಟ್ಟೆಗೆ ಹೋಗುತ್ತವೆ.

ಈಗ ಸೊಪ್ಪಿಗೆ ಬರೋಣ. ಮೊದಲು ದೊಡ್ಡಪತ್ರೆ, ಕೆಲವು ಮನೆಗಳಲ್ಲಿ ಸಾಂಬಾರಸೊಪ್ಪು. ದಪ್ಪ ಎಲೆ, ಮೇಲೆಲ್ಲ ನವಿರಾದ ರೋಮ, ಅಂಚು ಕಚ್ಚುಕಚ್ಚು. ಕೈಯಲ್ಲಿ ಮುರಿದರೆ ಕಟಕ್ಕನೆ ಸದ್ದಾಗಿ ಓಮದ ವಾಸನೆ ಏಳುತ್ತದೆ. ಮಕ್ಕಳ ಕೆಮ್ಮಿಗೆ ಅದನ್ನು ಬಳಸುವ ಕ್ರಮ ನೋಡುವಂಥದ್ದು. ಎಲೆಯನ್ನು ತೊಳೆದು ಒರೆಸಿ ಕಾದ ಹೆಂಚಿನ ಮೇಲೋ ಕೆಂಡದ ಮೇಲೋ ಒಂದು ಕ್ಷಣ ಹಿಡಿಯುತ್ತಾರೆ. ಎಲೆ ಮೊದಲು ಬೆವರಿ, ಹೊಳೆದು, ಆಮೇಲೆ ಬಣ್ಣ ಕಂದಿ ಬಟ್ಟೆ ಚೂರಿನಷ್ಟು ಮೆತ್ತಗಾಗುತ್ತದೆ. ಆಗ ಎರಡು ಬೆರಳ ನಡುವೆ ಹಿಂಡಿದರೆ ಸಾಕು, ಹಸಿ ಎಲೆಯಲ್ಲಿ ಎಷ್ಟು ಗುದ್ದಿದರೂ ಬಾರದ ರಸ ತೊಟ್ಟಿಕ್ಕುತ್ತದೆ. ನಾಲ್ಕು ಹನಿ ರಸ, ಅದಕ್ಕೆ ಅಷ್ಟೇ ಜೇನು. ಬಾಡಿಸಿದಾಗ ಎಲೆಯ ಜೀವಕೋಶಗಳ ಗೋಡೆ ಸಡಿಲಗೊಂಡು ನೀರೂ ಎಣ್ಣೆಯೂ ಹೊರಬರುತ್ತವೆ. ಆ ಎಣ್ಣೆಯಲ್ಲಿ ಮುಖ್ಯವಾಗಿರುವುದು ಕಾರ್ವಕ್ರಾಲ್ ಮತ್ತು ಥೈಮಾಲ್. ಓಮದ ಘಾಟಿಗೂ ಥೈಮಾಲೇ ಕಾರಣ, ಆದ್ದರಿಂದಲೇ ಎರಡರ ವಾಸನೆ ಒಂದು. ಯುರೋಪಿನಲ್ಲಿ ಥೈಮ್ ಎಂಬ ಗಿಡದಲ್ಲೂ ಇವೇ ರಾಸಾಯನಿಕಗಳಿವೆ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಥೈಮನ್ನು ಕಫದ ಕೆಮ್ಮಿಗೆ ಸಾಂಪ್ರದಾಯಿಕ ಮದ್ದೆಂದು ಒಪ್ಪಿಕೊಂಡಿದೆ. ಥೈಮ್‌ಗೆ ಆದಷ್ಟು ಮನುಷ್ಯರ ಮೇಲಿನ ಪರೀಕ್ಷೆ ನಮ್ಮ ದೊಡ್ಡಪತ್ರೆಗೆ ಆಗಿಲ್ಲ. ತಂಬುಳಿ, ಬೋಂಡ ಮಾಡಿ ತಿಂದುಕೊಂಡೇ ಅದರ ಯೋಗ್ಯತೆ ಮುಗಿಯಿತೆಂದು ಬಿಟ್ಟಿದ್ದೇವೆ.

ಶುಂಠಿಯಲ್ಲಿ ಹಸಿಗೂ ಒಣಗಿದ್ದಕ್ಕೂ ವ್ಯತ್ಯಾಸ ಇದೆ, ಅಡುಗೆಮನೆಗೆ ಇದು ಗೊತ್ತು. ಹಸಿಶುಂಠಿಯ ಖಾರ ಜಿಂಜರಾಲ್‌ನದು. ಒಣಗಿಸಿದಾಗ ಅದರಿಂದ ನೀರಿನಂಶ ಕಳಚಿ ಶೋಗಾಲ್ ಆಗುತ್ತದೆ, ಅದರ ಖಾರ ಇನ್ನೂ ತೀಕ್ಷ್ಣ. ಬೇಯಿಸುವಾಗ ಒಂದಷ್ಟು ಜಿಂಜರೋನ್ ಎಂಬ ಸೌಮ್ಯ ವಸ್ತುವಾಗಿ ಬದಲಾಗುತ್ತದೆ. ಗಂಟಲಿಗೆ ಬೆಚ್ಚಗೆ ಇಳಿಯುವ ಅನುಭವ ಬರುವುದು ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಈ ವಸ್ತುಗಳು ತಟ್ಟುವುದರಿಂದ. ಮೆಣಸಿನ ಪೈಪರೀನ್, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಟ್ಟುವುದೂ ಆ ಕದವನ್ನೇ. ಬಾಯಲ್ಲಿ ಜೊಲ್ಲು, ಮೂಗಿನಲ್ಲಿ ನೀರು, ಹಣೆಯಲ್ಲಿ ಬೆವರು. ಕಟ್ಟಿದ್ದ ಕಫ ತೆಳುವಾದಂತೆ ಅನ್ನಿಸುತ್ತದೆ. ತೈವಾನಿನ ಸಂಶೋಧಕರು 2013ರಲ್ಲಿ ಉಸಿರಾಟದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಮಕ್ಕಳನ್ನು ಕಾಡುವ ಆರ್‌ಎಸ್‌ವಿ ವೈರಸ್ಸಿಗೆ ಶುಂಠಿ ನೀರು ಒಡ್ಡಿದರು. ಹಸಿಶುಂಠಿ ವೈರಸ್ಸನ್ನು ತಡೆಯಿತು, ಒಣಶುಂಠಿ ತಡೆಯಲಿಲ್ಲ. ಇಂಥ ಫಲಿತಾಂಶ ಕಂಡ ಕೂಡಲೇ ಶುಂಠಿ ವೈರಸ್ ಕೊಲ್ಲುತ್ತದೆ ಎಂದು ವಾಟ್ಸ್ಆ್ಯಪ್ ಸಂದೇಶ ಹೊರಡುತ್ತದೆ. ತಟ್ಟೆಯಲ್ಲಿ ವೈರಸ್ಸಿನ ಮೇಲೆ ನೇರ ಸುರಿದ ರಸವೇ ಬೇರೆ, ನಾವು ಕುಡಿದದ್ದು ಹೊಟ್ಟೆ, ಕರುಳು, ಲಿವರ್ ದಾಟಿ ಮೂಗಿನ ಒಳಪೊರೆಗೆ ತಲುಪುವ ಅಂಶವೇ ಬೇರೆ.

ತುಳಸಿಯ ಬಗ್ಗೆ ಹೇಳಲು ಹೆಚ್ಚಿಲ್ಲ. ಅದರ ಪರಿಮಳದಲ್ಲಿ ಯೂಜಿನಾಲ್ ಇದೆ, ಲವಂಗದಲ್ಲಿರುವುದೂ ಅದೇ. ಗಂಟಲನ್ನು ತುಸು ಜೋಮು ಹಿಡಿಸುವ ಗುಣ ಅದಕ್ಕುಂಟು. ಮೆಣಸಿನದು ಮಾತ್ರ ಕುತೂಹಲದ ಕಥೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಇಪ್ಪತ್ತು ಪಟ್ಟು ಹೆಚ್ಚಿತು. ಅರಿಸಿನದ ಹಾಲಿಗೆ ಮೆಣಸಿನ ಪುಡಿ ಉದುರಿಸುವವರಿಗೆ ಇದು ಒಳ್ಳೆಯ ಸಾಕ್ಷಿ. ಆದರೆ ಮೆಣಸಿಗೆ ಅರಿಸಿನ ಯಾವುದು, ಮಾತ್ರೆ ಯಾವುದು ಎಂಬ ಭೇದವಿಲ್ಲ. ಆಸ್ತಮಾಕ್ಕೆ ಕೊಡುವ ಥಿಯೋಫಿಲಿನ್‌ನಂಥ ಕೆಲವು ಔಷಧಗಳ ಮಟ್ಟವನ್ನೂ ಅದು ರಕ್ತದಲ್ಲಿ ಏರಿಸಬಲ್ಲದು. ಸಾರಿಗೆ ಹಾಕುವ ಮೆಣಸಿಗೆ ಹೆದರಬೇಕಿಲ್ಲ. ದಿನಕ್ಕೆ ಮೂರು ಹೊತ್ತು ಮೆಣಸಿನ ಕಷಾಯ ಕುಡಿಯುವ, ಕಾಯಂ ಮಾತ್ರೆ ನುಂಗುವ ಹಿರಿಯರು ಯೋಚಿಸಬೇಕು.

ಈ ಸಾಲಿನಲ್ಲಿ ನನಗೆ ಹೆಚ್ಚು ಗೌರವ ಇರುವುದು ಆಡುಸೋಗೆಯ ಮೇಲೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಆಡು ಮುಟ್ಟದ ಸೊಪ್ಪು ಇದೇ. ಹಾಗಾಗಿಯೇ ಬೇಲಿಗೆ ಹಾಕುತ್ತಾರೆ. ಉದ್ದನೆಯ ಕಡುಹಸಿರು ಎಲೆ, ಬಿಳಿ ಹೂ, ಕಹಿ. ಅದರ ಎಲೆಯಿಂದ ವಾಸಿಸಿನ್ ಎಂಬ ಕ್ಷಾರವಸ್ತುವನ್ನು 1888ರಲ್ಲಿ ಬೇರ್ಪಡಿಸಿದವರು ಡೇವಿಡ್ ಹೂಪರ್. ಎಚ್.ಡಿ. ಕೋಟೆಯ ಕಾಡು ದಾಟಿದರೆ ಸಿಗುವ ನೀಲಗಿರಿಯಲ್ಲಿ, ಊಟಿಯಲ್ಲಿ, ಮದ್ರಾಸ್ ಸರ್ಕಾರಕ್ಕೆ ಕ್ವಿನೈನ್ ಪರೀಕ್ಷಿಸುತ್ತಿದ್ದ ರಸಾಯನ ತಜ್ಞರು ಅವರು. ಮುಂದೆ 1960ರ ದಶಕದಲ್ಲಿ ಜರ್ಮನಿಯ ಕಂಪನಿಯೊಂದು ವಾಸಿಸಿನ್‌ನ ರಚನೆಯನ್ನು ಮಾದರಿಯಾಗಿಟ್ಟುಕೊಂಡು ಕಫ ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ತಯಾರಿಸಿತು. ದೇಹದೊಳಗೆ ಅದು ಮಾರ್ಪಟ್ಟು ಆಗುವ ವಸ್ತುವೇ ಆಂಬ್ರಾಕ್ಸಾಲ್. ಇವತ್ತು ಕೆ.ಆರ್. ನಗರದ ಯಾವ ಮೆಡಿಕಲ್ ಸ್ಟೋರಿನಲ್ಲಿ ಕಫದ ಸಿರಪ್ ಕೇಳಿದರೂ ಇವೆರಡರಲ್ಲೊಂದು ಇರುವ ಬಾಟಲಿ ಸಿಗುವ ಸಂಭವವೇ ಹೆಚ್ಚು. ಬೇಲಿಯ ಗಿಡದ ಮೊಮ್ಮಗನನ್ನು ದುಡ್ಡು ಕೊಟ್ಟು ತರುತ್ತೇವೆ. ಹಾಗೆಂದು ಸಿರಪ್ ಬಿಟ್ಟು ಬೇಲಿಗೇ ಕೈಹಾಕಿ ಎನ್ನಲಾರೆ. ವಾಸಿಸಿನ್‌ಗೆ ಗರ್ಭಕೋಶವನ್ನು ಹಿಂಡುವ ಗುಣವೂ ಇದೆ. ಬಸುರಿಯರು ಆಡುಸೋಗೆಯ ಕಷಾಯ ಮುಟ್ಟಬಾರದು.

ಗಿಡದಿಂದ ಮಾತ್ರೆಗೆ ಹೋದ ಇನ್ನೊಂದು ದಾರಿ ಬಿರಿಯಾನಿ ಮಸಾಲೆಯಲ್ಲಿದೆ. ಎಂಟು ದಳದ ಚಕ್ರಮೊಗ್ಗು. ಫ್ಲೂಗೆ ವೈದ್ಯರು ಬರೆಯುವ ಒಸೆಲ್ಟಾಮಿವಿರ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1999ರಲ್ಲಿ. ಅದನ್ನು ತಯಾರಿಸಲು ಬೇಕಾದ ಶಿಕಿಮಿಕ್ ಆಮ್ಲವನ್ನು ಬಹುಕಾಲ ಮುಖ್ಯವಾಗಿ ಚೀನಾದ ಚಕ್ರಮೊಗ್ಗಿನಿಂದಲೇ ತೆಗೆಯುತ್ತಿದ್ದರು. 2009ರ ಎಚ್1ಎನ್1 ಹಾವಳಿಯ ಹೊತ್ತಿಗೆ ಈ ಸುದ್ದಿ ಹಬ್ಬಿ, ಚಕ್ರಮೊಗ್ಗಿನ ನೀರು ಕುಡಿದರೆ ಫ್ಲೂ ಹೋಗುತ್ತದೆಂಬ ನಂಬಿಕೆಯೂ ಹಬ್ಬಿತು. ಶಿಕಿಮಿಕ್ ಆಮ್ಲಕ್ಕೆ ಫ್ಲೂ ತಡೆಯುವ ಶಕ್ತಿ ತಾನಾಗಿ ಇಲ್ಲ. ಕಾರ್ಖಾನೆಯಲ್ಲಿ ಹಲವು ಹಂತದ ರಾಸಾಯನಿಕ ಕ್ರಿಯೆ ದಾಟಿದ ಮೇಲೆ ಅದು ಔಷಧವಾಗುತ್ತದೆ. ಪಾತ್ರೆಯಲ್ಲಿ ಎಷ್ಟು ಕುದಿಸಿದರೂ ಆ ಹಂತಗಳು ನಡೆಯುವುದಿಲ್ಲ.

ಹಾಗಾದರೆ ಮನುಷ್ಯರ ಮೇಲೆ ಪರೀಕ್ಷೆಯಾಗಿ ಗೆದ್ದ ಗಿಡ ಒಂದೂ ಇಲ್ಲವೇ? ಹತ್ತಿರ ಬಂದದ್ದು ನೆಲಬೇವು. 2017ರಲ್ಲಿ ಬ್ರಿಟನ್ನಿನ ಸಂಶೋಧಕರು 33 ಪ್ರಯೋಗಗಳನ್ನು, ಒಟ್ಟು 7,175 ರೋಗಿಗಳ ವಿವರವನ್ನು ಕಲೆಹಾಕಿ ನೋಡಿದಾಗ, ನೆಲಬೇವು ಕೊಟ್ಟವರಲ್ಲಿ ಕೆಮ್ಮು, ಗಂಟಲುನೋವು ಬೇಗ ಇಳಿದದ್ದು ಕಂಡಿತು. ಬಹುಪಾಲು ಪ್ರಯೋಗಗಳ ಗುಣಮಟ್ಟ ಸಾಲದು ಎಂದೂ ಅವರೇ ಬರೆದರು. ಕೆಲವರಿಗೆ ಇದರಿಂದ ತೀವ್ರ ಅಲರ್ಜಿ ಆಗುತ್ತದೆಂದು ಆಸ್ಟ್ರೇಲಿಯಾದ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ. ನೆಲಬೇವಿನ ಕಹಿ ಎಂಥದ್ದೆಂದರೆ ಒಂದು ಎಲೆ ಅಗಿದರೆ ಊಟದ ರುಚಿ ಹಾಳು. ಅಂಗಡಿಯ ಹರ್ಬಲ್ ಟೀ ಚೀಲಗಳಲ್ಲಿ ಇದಕ್ಕೆ ಜಾಗ ಸಿಗುವುದು ಅಪರೂಪ. ಅಲ್ಲಿ ಸೇರುವ ಗಿಡಗಳನ್ನು ಆರಿಸುವುದು ಸಾಕ್ಷ್ಯವಲ್ಲ, ನಾಲಿಗೆ.

ಯಾವ ಗಿಡ ಅನ್ನುವಷ್ಟೇ ಮುಖ್ಯ, ಅದನ್ನು ಹೇಗೆ ನೀರಿಗೆ ಇಳಿಸುತ್ತೀರಿ ಅನ್ನುವುದು. ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಸುರಿದು ಅರ್ಧ ಗಂಟೆ ಕೊತಕೊತ ಕುದಿಸುವುದು ಈಗಿನ ರೂಢಿ. ಹಳಬರು ಹಾಗೆ ಮಾಡುತ್ತಿರಲಿಲ್ಲ. ಶಾರ್ಙ್ಗಧರ ಸಂಹಿತೆ ಕಷಾಯವನ್ನು ಬಗೆಬಗೆಯಾಗಿ ವಿಂಗಡಿಸುತ್ತದೆ. ಕ್ವಾಥ ಎಂದರೆ ಒಂದು ಪಾಲು ಮೂಲಿಕೆಗೆ ಹದಿನಾರು ಪಾಲು ನೀರು ಹಾಕಿ ಎಂಟರಲ್ಲೊಂದು ಪಾಲಿಗೆ ಇಳಿಸುವುದು. ಬೇರು, ತೊಗಟೆ, ಒಣಕಾಂಡದ ಗಟ್ಟಿ ವಸ್ತುಗಳಿಗೆ ಇದು ಸರಿ. ಫಾಂಟ ಎಂದರೆ ನಾಲ್ಕು ಪಾಲು ಬಿಸಿನೀರಿಗೆ ಹಾಕಿ, ನೆನೆಸಿ, ಹಿಸುಕಿ ಸೋಸುವುದು. ಹಿಮ ಎಂದರೆ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಹಾಕುವುದು. ಈಗಿನ ಟೀ ಚೀಲ ಫಾಂಟದ ಮಗುವೇ.

ರಸಾಯನಶಾಸ್ತ್ರವೂ ಇದನ್ನೇ ಅನ್ನುತ್ತದೆ. ತುಳಸಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲು, ಓಮ ಇವುಗಳ ಗುಣವಿರುವುದು ಹಾರಿಹೋಗುವ ಎಣ್ಣೆಯಲ್ಲಿ. ಮುಚ್ಚಳ ತೆಗೆದು ಕುದಿಸಿದರೆ ಎಣ್ಣೆ ಆವಿಯ ಜೊತೆ ಹೊರಟು ಮನೆಯೆಲ್ಲ ಘಮಘಮ, ಲೋಟದಲ್ಲಿ ಬರೀ ಬಣ್ಣದ ನೀರು. ಪರಿಮಳ ಚೆನ್ನಾಗಿ ಬಂತು ಅಂದರೆ ಮದ್ದು ಅಷ್ಟು ಹೋಯಿತು ಅಂತಲೇ ಲೆಕ್ಕ. ನಾನು ಒಪ್ಪುವ ಕ್ರಮ ಹೀಗೆ: ಜಜ್ಜಿದ ಶುಂಠಿ, ಮೆಣಸು, ಧನಿಯ, ಜೀರಿಗೆ ಹಾಕಿ ಎರಡು ಲೋಟ ನೀರು ಒಂದೂವರೆಗೆ ಇಳಿಯುವವರೆಗೆ ಸಣ್ಣ ಉರಿ. ಒಲೆ ಆರಿಸಿದ ಮೇಲೆ ತುಳಸಿ, ದೊಡ್ಡಪತ್ರೆ ಕೈಯಲ್ಲಿ ಹರಿದು ಹಾಕಿ ತಟ್ಟೆ ಮುಚ್ಚಿ ಹತ್ತು ನಿಮಿಷ. ಸೋಸಿ ಬೆಲ್ಲ. ಜೇನಾದರೆ ಕುಡಿಯುವಷ್ಟು ಆರಿದ ಮೇಲೆ.

ಜೇನಿಗೆ ಮಾತ್ರ ಈ ಪಟ್ಟಿಯಲ್ಲಿ ಸ್ವತಂತ್ರ ಸಾಕ್ಷ್ಯ ಇದೆ. 2018ರ ಕಾಕ್ರೇನ್ ವಿಮರ್ಶೆ ಆರು ಪ್ರಯೋಗಗಳ, 899 ಮಕ್ಕಳ ಫಲಿತಾಂಶ ನೋಡಿ, ಮಕ್ಕಳ ಕೆಮ್ಮು ತಗ್ಗಿಸಲು ಏನೂ ಕೊಡದಿರುವುದಕ್ಕಿಂತ ಜೇನು ಮೇಲು ಎಂದಿತು. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಒಂದು ಹನಿಯೂ ಕೂಡದು. ಜೇನಿನಲ್ಲಿ ಅಡಗಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕ್ಕೆ ಕೂಸಿನ ಕರುಳು ತಡೆ ಹಾಕಲಾರದು. ದೊಡ್ಡಪತ್ರೆ ರಸಕ್ಕೆ ಜೇನು ಬೆರೆಸಿ ನೆಕ್ಕಿಸುವ ಬಾಣಂತಿ ಕೋಣೆಯ ರೂಢಿ ಇಲ್ಲಿ ನಿಲ್ಲಬೇಕು. ಇನ್ನು ಜೇನು ಜೇನೇ ಹೌದೋ ಎಂಬ ಪ್ರಶ್ನೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರ ಡಿಸೆಂಬರಿನಲ್ಲಿ 13 ಬ್ರಾಂಡುಗಳ ಜೇನನ್ನು ಪರೀಕ್ಷೆ ಮಾಡಿಸಿದಾಗ ಎಲ್ಲ ಪರೀಕ್ಷೆಗಳಲ್ಲೂ ಪಾಸಾದವು ಮೂರೇ. ನಾಗರಹೊಳೆ ಅಂಚಿನಲ್ಲಿ ತಲೆತಲಾಂತರದಿಂದ ಹೆಜ್ಜೇನು ಇಳಿಸಿದ ಜೇನುಕುರುಬರ ಹಾಡಿಗಳು ನಮ್ಮ ಜಿಲ್ಲೆಯಲ್ಲೇ ಇವೆ. ಕಾಡು ರಾಷ್ಟ್ರೀಯ ಉದ್ಯಾನವಾಗಿ, ಹುಲಿ ಸಂರಕ್ಷಿತ ಪ್ರದೇಶವಾಗಿ, ಅವರ ಕೈಗೂ ಜೇನಿಗೂ ನಡುವೆ ಕಾನೂನು ಬಂದು ನಿಂತಿದೆ. ಅದು ಇನ್ನೊಂದು ಲೇಖನದ ವಿಷಯ.

ಕಷಾಯದ ಗತಿ ಬದಲಾದದ್ದು 2020ರಲ್ಲಿ. ಕೋವಿಡ್ ಕಾಲಿಟ್ಟ ಮೇಲೆ ಕೇಂದ್ರದ ಆಯುಷ್ ಸಚಿವಾಲಯ ‘ಆಯುಷ್ ಕ್ವಾಥ’ ಎಂಬ ಸೂತ್ರವನ್ನೇ ಹೊರಡಿಸಿತು. ತುಳಸಿ ನಾಲ್ಕು ಪಾಲು, ದಾಲ್ಚಿನ್ನಿ ಎರಡು, ಒಣಶುಂಠಿ ಎರಡು, ಮೆಣಸು ಒಂದು. ಮೂರು ಗ್ರಾಂ ಪುಡಿ, 150 ಮಿಲಿ ಲೀಟರ್ ಕುದಿದ ನೀರು, ದಿನಕ್ಕೆ ಒಂದೆರಡು ಸಲ. ಸೂತ್ರದಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ, ಪ್ರಮಾಣವೂ ಹಿತಮಿತ. ಮನೆಗಳಲ್ಲಿ ಆದದ್ದೇ ಬೇರೆ. ಮೂರು ಗ್ರಾಂ ಮೂರು ಚಮಚವಾಯಿತು, ಎರಡು ಸಲ ಆರು ಸಲವಾಯಿತು. ಕಾಯಿಲೆ ಬಾರದವರೂ ತಿಂಗಳುಗಟ್ಟಲೆ ಕುಡಿದರು. ಬಾಯಿಹುಣ್ಣು, ಎದೆಯುರಿ ಎಂದು ಮಾತ್ರೆ ನುಂಗಿಕೊಂಡೇ ಕಷಾಯ ಮುಂದುವರಿಸಿದವರನ್ನು ನಾವೆಲ್ಲ ಕಂಡಿದ್ದೇವೆ. ನೆಗಡಿ ಆಯಿತೆಂದು ಮೂಗು ಕೊಯ್ದುಕೊಂಡರು ಅನ್ನುವ ಗಾದೆ ಇದ್ದದ್ದು ನೆಗಡಿ ಬಂದವರಿಗೆ. ಇಲ್ಲಿ ನೆಗಡಿಯೂ ಬಂದಿರಲಿಲ್ಲ.

ಎದೆಯುರಿಗೇ ಮುಗಿದಿದ್ದರೆ ಮರೆಯಬಹುದಿತ್ತು. ಅಮೃತಬಳ್ಳಿಯದು ಹಾಗಾಗಲಿಲ್ಲ. ಮುಂಬೈಯ ಲಿವರ್ ತಜ್ಞರು 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಅಮೃತಬಳ್ಳಿ ಸೇವಿಸಿ ಕಾಮಾಲೆಯಂಥ ಲಕ್ಷಣ ಕಂಡ ಆರು ರೋಗಿಗಳ ವಿವರ ಪ್ರಕಟಿಸಿದರು. 2022ರಲ್ಲಿ ದೇಶದ 13 ಆಸ್ಪತ್ರೆಗಳಿಂದ 43 ರೋಗಿಗಳ ವರದಿ ಬಂತು. ಹಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಲಿವರಿನ ಮೇಲೆ ತಿರುಗಿಬಿದ್ದ ಬಗೆಯ ಉರಿಯೂತ. ಇದು ಅಮೃತಬಳ್ಳಿಯದಲ್ಲ, ಅದನ್ನು ಹೋಲುವ ಬೇರೆ ಬಳ್ಳಿಯದಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಆ ಕುಲದಲ್ಲಿ ಹೃದಯದಾಕಾರದ ಎಲೆಯ ಬಳ್ಳಿಗಳು ಒಂದಕ್ಕಿಂತ ಹೆಚ್ಚಿವೆ ಎನ್ನುವುದು ನಿಜ. ಕಾಂಡದ ತುಂಬ ಗಂಟು ಗಂಟಾದ, ಇನ್ನೂ ಕಹಿಯಾದ ಬಳ್ಳಿಯೊಂದು ಅಮೃತಬಳ್ಳಿಯ ಹೆಸರಲ್ಲಿ ಚಲಾವಣೆಯಾಗುವುದುಂಟು. ವಾದ ಹಾಗೇ ಇರಲಿ. ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸುತ್ತದೆ ಎಂದು ಹೊಗಳುವ ಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿದರೆ ಆ ವ್ಯವಸ್ಥೆ ಅತಿಯಾಗಿ ಎಚ್ಚರಗೊಳ್ಳುವ ಅಪಾಯವೂ ಇದೆ ಎಂದು ಒಪ್ಪಿಕೊಳ್ಳಬೇಕಲ್ಲ. ಶಕ್ತಿ ಇದೆ, ಅಪಾಯ ಇಲ್ಲ ಎಂಬ ಎರಡು ಮಾತು ಒಂದೇ ಗಿಡಕ್ಕೆ ಹೊಂದುವುದಿಲ್ಲ.

ಗಂಟಲಿಗೆ ಹಿತವಾದ ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಿ.ಪಿ. ಮಾತ್ರೆ ತಗೊಳ್ಳುವವರು ಅದನ್ನು ದೂರವಿಡುವುದೇ ಲೇಸು. ಕೂಸಿನ ನಾಲಿಗೆಗೆ ಬಜೆ ತೇಯ್ದು ಹಚ್ಚುವುದು ಇವತ್ತಿಗೂ ನಡೆದಿದೆ. ಬಜೆಯಲ್ಲಿ ಬೀಟಾ-ಅಸರೋನ್ ಎಂಬ ವಿಷಕಾರಿ ಅಂಶ ಇದೆ, ಬಿಡುವುದೇ ಸರಿ. ಲಕ್ಕಿಸೊಪ್ಪು, ನೀಲಗಿರಿ ಎಲೆ ಹಾಕಿದ ಹಬೆ ಮೂಗು ತೆರೆದಂತೆ ಅನ್ನಿಸುತ್ತದೆ, ಆದರೆ ಕುದಿಯುವ ಪಾತ್ರೆಯ ಮುಂದೆ ಮಗುವನ್ನು ಕಂಬಳಿ ಹೊದಿಸಿ ಕೂರಿಸಿ ಸುಟ್ಟ ಗಾಯ ಮಾಡಿಸಿಕೊಂಡವರೂ ಇದ್ದಾರೆ. ಮೆಡಿಕಲ್ ಸ್ಟೋರಿನ ಕಡೆಯೂ ಎಲ್ಲ ನೆಟ್ಟಗಿಲ್ಲ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ದೇಶದ ಔಷಧ ನಿಯಂತ್ರಕರು 2023ರಲ್ಲಿ ಹೇಳಬೇಕಾಯಿತು. ವೈರಸ್ಸಿಗೆ ಆ್ಯಂಟಿಬಯಾಟಿಕ್ ನುಂಗುವ ನಮ್ಮ ಚಟಕ್ಕೆ ಹೋಲಿಸಿದರೆ ಒಂದು ಲೋಟ ಶುಂಠಿ ಕಷಾಯ ಸಾಧುಪ್ರಾಣಿ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರದ್ದೂ ಒಂದು ಕಷಾಯ ಇದೆ. ಅವರ ವೈದ್ಯಪದ್ಧತಿ ಸೋವ-ರಿಗ್ಪಕ್ಕೆ ಭಾರತ ಸರ್ಕಾರ 2010ರಲ್ಲಿ ಮಾನ್ಯತೆ ಕೊಟ್ಟಿತು. ನೆಗಡಿ ಜ್ವರದ ಆರಂಭಕ್ಕೆ ಅವರು ಬಳಸುವ ನೋರ್ಬು ದುನ್‌ಥಾಂಗ್ ಏಳು ವಸ್ತುಗಳ ಪುಡಿ, ನೀರಿನಲ್ಲಿ ಕುದಿಸಿ ಬಿಸಿಯಾಗಿ ಕುಡಿಯಬೇಕು. ಅದರಲ್ಲಿ ಮೂರು ನಮ್ಮ ತ್ರಿಫಲೆಯ ಅಳಲೆ, ತಾರೆ, ನೆಲ್ಲಿ. ಇನ್ನೊಂದು ಅಮೃತಬಳ್ಳಿ. ಹಿಮಾಲಯದಾಚೆಯಿಂದ ಬಂದವರಿಗೆ ಅರ್ಧ ಮದ್ದು ಮಿರ್ಲೆಯ ಹಿತ್ತಲಿನಲ್ಲೂ ಸಿಕ್ಕೀತು.

ಹಿತ್ತಲಿನದಕ್ಕೂ ಹೊಲದ್ದಕ್ಕೂ ಒಂದು ಫರಕು ಮಾತ್ರ ಮರೆಯಬಾರದು. ಶುಂಠಿಗೆ ಕೊಳೆರೋಗ ಬಿದ್ದರೆ ಮಡಿಗೆ ಮಡಿಯೇ ಹೋಗುತ್ತದೆ. ಆ ಹೆದರಿಕೆಗೆ ಬೆಳೆಗಾರರು ಮಣ್ಣಿಗೆ ಶಿಲೀಂಧ್ರನಾಶಕ, ಕೀಟನಾಶಕ ಸುರಿಯುತ್ತಾರೆ. ಪೇಟೆ ಶುಂಠಿಯನ್ನು ಚೆನ್ನಾಗಿ ತಿಕ್ಕಿ ತೊಳೆದು, ಸಿಪ್ಪೆ ಹೆರೆದೇ ಜಜ್ಜಬೇಕು. ಸಿಪ್ಪೆಯಲ್ಲೇ ಸತ್ವ ಎಂಬ ಉಪದೇಶ ಹೊಲದ ಕಡೆ ಹೋಗಿ ನೋಡದವರದು. ಇದೇ ನೆಲ ವರ್ಜೀನಿಯಾ ಹೊಗೆಸೊಪ್ಪಿನದ್ದೂ ಹೌದು. ಹುಣಸೂರಿನಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಜುಲೈನಿಂದ ಬ್ಯಾರನ್‌ಗಳಲ್ಲಿ ಸೌದೆ ಉರಿದು ಸೊಪ್ಪು ಹದವಾಗುತ್ತದೆ. ದೇಶಕ್ಕೆ ಕೆಮ್ಮು ಕಳಿಸುವುದೂ ಕೆಮ್ಮಿನ ಕಷಾಯ ಕಳಿಸುವುದೂ ಒಂದೇ ತಾಲ್ಲೂಕು.

“ಎರಡ್ ದಿನ ಕುಡಿ ಮಗಾ, ಮೂರ್ನೇ ದಿನಕ್ಕೂ ಜ್ವರ ಬಿಡ್ದಿದ್ರೆ ಆಸ್ಪತ್ರೆಗ್ ನಡಿ” ಅನ್ನುವ ಅಜ್ಜಿಯರು ಈ ಕಡೆ ಈಗಲೂ ಇದ್ದಾರೆ. ವೈದ್ಯಪುಸ್ತಕವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಮೂರು ದಿನ ಮೀರಿದ ಜ್ವರ, ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು, ಮಂಪರು, ಹಾಲು ಬಿಟ್ಟ ಕೂಸು, ಇವು ಕಷಾಯಕ್ಕೆ ಸಂಬಂಧಪಟ್ಟವಲ್ಲ. ಬಸುರಿಯರು, ಇಳಿವಯಸ್ಸಿನವರು, ಸಕ್ಕರೆ ಕಾಯಿಲೆ, ಆಸ್ತಮಾ ಇರುವವರು ಫ್ಲೂ ಲಕ್ಷಣ ಕಂಡರೆ ಆ ಮೂರು ದಿನವನ್ನೂ ಕಾಯಬಾರದು. ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ. ಆಸ್ಪತ್ರೆಗೆ ಹೋದಾಗ ನಮ್ಮ ಜನ ಮಾಡುವ ಒಂದು ಕೆಲಸ ಡಾಕ್ಟರು ಬೈಯುತ್ತಾರೆಂದು ಕಷಾಯದ ಮಾತು ಮುಚ್ಚಿಡುವುದು. ನಾಟಿ ವೈದ್ಯರ ಹತ್ತಿರ ಹೋದಾಗ ಇಂಗ್ಲಿಷ್ ಮಾತ್ರೆಯ ಮಾತು ಮುಚ್ಚಿಡುತ್ತಾರೆ. ಎರಡೂ ಕಡೆ ಹೇಳಿ: ಏನು ಕುಡಿದಿರಿ, ಎಷ್ಟು ದಿನ, ಯಾವ ಮಾತ್ರೆ ನಡೆಯುತ್ತಿದೆ. ಸೊಪ್ಪಿನ ಹೆಸರು ಸರಿಯಾಗಿ ಗೊತ್ತಿಲ್ಲದಿದ್ದರೆ ಹೂವೋ ಕಾಯೋ ಇರುವ ಒಂದು ರೆಂಬೆಯನ್ನೇ ಮುರಿದು ಚೀಲಕ್ಕೆ ಹಾಕಿಕೊಂಡು ಹೋಗಿ.